ಮೂತಿ ಎದ್ದ ದೋಣಿ

ದೋಣಿಯನ್ನು ಕಾರಿನ ಮೇಲೆ ಕಟ್ಟಿ ಮುಗಿಸಿದಾಗ ನಮ್ಮವರು ಒಂದು ಸುತ್ತು ಹಾಕಿ ನೋಡಿ, "ಕಾರನ್ನೇ ದೋಣಿ ಮೇಲೆ ಕಟ್ಟಿದ್ರೆ ಸರಿಹೋಗ್ತಿತ್ತು" ಅಂದರು. ತಪ್ಪೇನಿಲ್ಲ. ನಮ್ಮದು ಮೂರೂವರೆ ಮೀಟರಿನ ಪುಟ್ಟ ಕಾರು. ದೋಣಿ 14 ಅಡಿ, ಅಂದರೆ ನಾಲ್ಕು ಮೀಟರಿಗೂ ಮೇಲೆ. ಹಿಂದಿನ ತುದಿಗೆ ಒಂದು ಕೆಂಪು ರವಿಕೆ ಕಣ ಕಟ್ಟಿಕೊಂಡು ಹಾಸನ ಬಿಟ್ಟಾಗ ಬೆಳಗ್ಗೆ ಆರು ಗಂಟೆ. ನವೆಂಬರ್ ತಿಂಗಳು. ಗಾಜಿನ ಮೇಲೆಲ್ಲ ಮಂಜು.

ನಾನು ಹೈಸ್ಕೂಲ್ ಟೀಚರ್. ವಯಸ್ಸು 46, ತೂಕ 54 ಕೆಜಿ. ವಯಸ್ಸು ಬಿಡಿ, ತೂಕವನ್ನು ನೆನಪಿಟ್ಟುಕೊಳ್ಳಿ.

ಈ ಹುಚ್ಚು ಹತ್ತಿದ್ದು ಬೇಲೂರಿನ ಯಗಚಿ ಹಿನ್ನೀರಿನಲ್ಲಿ. ಮಕ್ಕಳನ್ನು ಕರೆದುಕೊಂಡು ಹೋದಾಗ ಸುಮ್ನೆ ಇರಲಿ ಅಂತ ನಾನೂ ಕಯಾಕ್ ಅನ್ನೋ ಸಣ್ಣ ಕಿರಿದಾದ ದೋಣಿ ಹತ್ತಿದ್ದೆ. ಮೋಟಾರಿನ ಸದ್ದಿಲ್ಲ, ಯಾರ ಮಾತೂ ಇಲ್ಲ, ಹುಟ್ಟಿನಿಂದ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತದೆ. ಇಳಿಯುವ ಹೊತ್ತಿಗೆ ಸ್ವಂತದ್ದು ಬೇಕು ಅನ್ನಿಸಿಬಿಟ್ಟಿತ್ತು. ಆದರೆ ಕಯಾಕಿನಲ್ಲಿ ಕಾಲು ಚಾಚಿ ಕೂತು ಸೊಂಟ ಹಿಡಿದುಕೊಂಡಿತ್ತು. ಕ್ಯಾನೂ ಹಾಗಲ್ಲ. ಮೇಲೆ ತೆರೆದ ದೋಣಿ, ಬೇಕಾದರೆ ಕೂರಬಹುದು, ಬೇಕಾದರೆ ಮಂಡಿಯೂರಬಹುದು, ಬುತ್ತಿ ಚೀಲವನ್ನು ಎದುರಿಗೇ ಇಟ್ಟುಕೊಳ್ಳಬಹುದು. ಎರಡೂ ಕಡೆ ಎಲೆ (ನೀರು ತಳ್ಳುವ ಚಪ್ಪಟೆ ಭಾಗ) ಇರುವ ಉದ್ದ ಕೋಲಿನ ಬದಲು ಒಂದೇ ಎಲೆಯ ಹುಟ್ಟು.

ಆರು ತಿಂಗಳು ಬರೀ ಓದಿದೆ. ತಳ ನೇರವಾಗಿದ್ದರೆ ದೋಣಿ ಕೆರೆಯಲ್ಲಿ ಗೆರೆ ಎಳೆದ ಹಾಗೆ ಹೋಗುತ್ತದೆ, ತಿರುಗುವಾಗ ಮಾತ್ರ ಮೊಂಡು. ತೊಟ್ಟಿಲಿನ ಕಾಲಿನ ಹಾಗೆ ತಳ ಬಾಗಿದ್ದರೆ ಹೊಳೆಯಲ್ಲಿ ಕಲ್ಲು ತಪ್ಪಿಸಲು ಸುಲಭ, ಆದರೆ ನಿಂತ ನೀರಿನಲ್ಲಿ ಮೂಗು ಅತ್ತ ಇತ್ತ ಆಡಿಸುತ್ತದೆ. ಒಬ್ಬರ ಕ್ಯಾನೂ ಅಂದರೆ ಸಾಮಾನ್ಯವಾಗಿ 12ರಿಂದ 15 ಅಡಿ ಉದ್ದ, 28–30 ಇಂಚು ಅಗಲ. ಕೆವ್ಲಾರ್ ಅನ್ನೋ ಹಗುರವಾದ ಗಟ್ಟಿ ನಾರಿನದ್ದಾದರೆ 15 ಕೆಜಿ ಆಸುಪಾಸು, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಬೆಲೆ ನೋಡಿ ಆ ಪುಟ ಮುಚ್ಚಿದೆ. ಕಲ್ಲಿಗೆ ಬಡಿದು ತಗ್ಗಾದರೂ ಮತ್ತೆ ಉಬ್ಬಿಕೊಳ್ಳುವ ರಾಯಲೆಕ್ಸ್ ಅನ್ನೋ ವಸ್ತುವನ್ನು ಎಲ್ಲರೂ ಹೊಗಳಿದ್ದರು. ನಾನು ಅದರ ಮೇಲೆ ಆಸೆ ಇಡುವ ಹೊತ್ತಿಗೆ ಅದರ ತಯಾರಿಕೆಯೇ ನಿಂತು ವರ್ಷಗಳಾಗಿದ್ದವು.

ಇಷ್ಟೆಲ್ಲ ಓದಿ ಕೊನೆಗೆ ತಂದದ್ದು ಏನು ಗೊತ್ತಾ? ಮಲೆನಾಡಿನ ಒಂದು ಕ್ಯಾಂಪಿನವರು ಬಾಗಿಲು ಹಾಕುವಾಗ ಮಾರಿದ ಹಳೆಯ ಫೈಬರ್ ಕ್ಯಾನೂ. ಇಬ್ಬರದ್ದು. 35 ಇಂಚು ಅಗಲ. ಅಗ್ಗಕ್ಕೆ ಸಿಕ್ಕಿತು, ಅಷ್ಟೇ ಕಾರಣ. ಸಕಲೇಶಪುರದ ಹತ್ತಿರ ಅಣ್ಣನ ತೋಟದಲ್ಲಿ ಕಾಫಿ ಚೀಲ ತೂಗುವ ತಕ್ಕಡಿ ಮೇಲೆ ಹತ್ತಿಸಿದರೆ 29 ಕೆಜಿ. ಅಣ್ಣ ಗೋಡೆಗೆ ಒರಗಿ, "ಚೆರ್ರಿನೋ ಪಾರ್ಚ್‌ಮೆಂಟೋ?" ಅಂತ ಕೇಳಿದ, ಸಿಪ್ಪೆ ಸಮೇತ ಒಣಗಿಸಿದ ಕಾಫಿಯೋ, ಸಿಪ್ಪೆ ತೆಗೆದು ಒಣಗಿಸಿದ್ದೋ ಅನ್ನೋ ಹಾಗೆ.

ಸಜ್ಜು ಮಾಡಿದ್ದು ಅಲ್ಲೇ, ಕಾಫಿ ಕಣದಲ್ಲಿ, ಎರಡು ಭಾನುವಾರ. ಸೀಟಿನ ಹೆಣಿಗೆ ಹರಿದಿತ್ತು. ಅಟ್ಟದ ಮೇಲಿದ್ದ ಹಳೇ ಮಂಚದ ನವಾರು ಬಿಚ್ಚಿ ಬಿಗಿಯಾಗಿ ಹೆಣೆದೆ. ಹುಟ್ಟನ್ನು ಊರಿನ ಬಡಗಿ ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಕೊಟ್ಟರು. ಅಳತೆ ತೆಗೆಯುವುದು ಸುಲಭ: ಕುರ್ಚಿ ಮೇಲೆ ನೆಟ್ಟಗೆ ಕೂತು, ಕೂತ ಜಾಗದಿಂದ ಮೂಗಿನ ತನಕ ಎಷ್ಟಿದೆಯೋ ಅಷ್ಟು ಹಿಡಿಯ ಉದ್ದ. ಎಲೆಯ ಉದ್ದ ಅದರ ಮೇಲೆ ಬೇರೆ. ಬಡಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾವ ಮದುವೆಮನೆ ಸೌಟು ಮೇಡಂ ಇದು?" ಅಂದರು.

ಫೈಬರ್ ತಾನಾಗಿ ತೇಲುವ ವಸ್ತು ಅಲ್ಲ. ದೋಣಿಗೆ ನೀರು ತುಂಬಿದರೆ ತಳ ಸೇರುತ್ತದೆ. ಅದಕ್ಕೇ ಎರಡೂ ತುದಿಗೆ ಒಂದೊಂದು 20 ಲೀಟರಿನ ಖಾಲಿ ನೀರಿನ ಕ್ಯಾನು ತುರುಕಿ, ಮುಚ್ಚಳ ಭದ್ರ ಮಾಡಿ, ಅಲುಗಾಡದ ಹಾಗೆ ಕಟ್ಟಿದೆ. ನೀರಿನೊಳಗೆ ಅಂಥ ಒಂದು ಕ್ಯಾನು ಹತ್ತಿರ ಹತ್ತಿರ 20 ಕೆಜಿಯನ್ನು ಮೇಲಕ್ಕೆ ಹಿಡಿಯುತ್ತದೆ. ತೋಟದ ಕೆರೆಯಲ್ಲಿ ಬೇಕಂತಲೇ ಮಗುಚಿ ನೋಡಿದೆವು. ಮುಳುಗಲಿಲ್ಲ. ಅಂಚಿನ ತನಕ ನೀರು ತುಂಬಿಕೊಂಡು ಎಮ್ಮೆ ಹಾಗೆ ತೇಲುತ್ತಿತ್ತು. ತುದಿಗಳಿಗೆ ಕಟ್ಟಿದ್ದು ದನ ಕಟ್ಟುವ ಅಗ್ಗದ ಪ್ಲಾಸ್ಟಿಕ್ ಹಗ್ಗ. ನೈಲಾನ್ ಹಗ್ಗ ನೀರಿನಲ್ಲಿ ಮುಳುಗಿ ಕಾಲಿಗೆ ಸುತ್ತಿಕೊಳ್ಳಬಹುದು, ಇದು ತೇಲುತ್ತದೆ. ನೀರು ಮೊಗೆಯುವುದಕ್ಕೆ ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನಿನ ತಳ ಓರೆಯಾಗಿ ಕತ್ತರಿಸಿ, ಹಿಡಿಕೆ ಉಳಿಸಿಕೊಂಡೆ. ಲೈಫ್ ಜಾಕೆಟ್ ಮಾತ್ರ ಹೊಸದು. ಅದರಲ್ಲಿ ಜುಗ್ಗತನ ಮಾಡಬಾರದು. ನನಗೆ ಈಜು ಬರುತ್ತದೆ, ಆದರೂ ದಡದಲ್ಲೇ ಹಾಕಿಕೊಂಡು ಹೊರಡುತ್ತೇನೆ.

ಸರಿ, ಆ ನವೆಂಬರ್ ಬೆಳಗ್ಗೆ. ಹೇಮಾವತಿ ಮೂಡಿಗೆರೆ ಕಡೆಯ ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟಿ, ಸಕಲೇಶಪುರ ದಾಟಿ ಗೊರೂರಿನಲ್ಲಿ ಅಣೆಕಟ್ಟಿಗೆ ಸಿಕ್ಕಿ ಹರಡಿಕೊಳ್ಳುತ್ತಾಳೆ. ನಾವು ಹೋದದ್ದು ಅಣೆಕಟ್ಟಿನಿಂದ ದೂರ, ಶೆಟ್ಟಿಹಳ್ಳಿ ಕಡೆಯ ಹಿನ್ನೀರಿಗೆ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಚರ್ಚು ಇರುವ ಜಾಗ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ಚರ್ಚಿನ ಕಮಾನುಗಳ ಕಾಲು ಇನ್ನೂ ನೀರಿನಲ್ಲೇ ಇದ್ದವು. ದಡದಲ್ಲಿ ಬಲೆ ಬಿಡಿಸುತ್ತಿದ್ದ ತೆಪ್ಪದವರನ್ನು ಮೊದಲು ಮಾತಾಡಿಸಿದೆ. "ಗೋಡೆ ಹತ್ರ ಹೋಗ್ಬೇಡಿ ಅಕ್ಕ, ಇಟ್ಟಿಗೆ ಉದುರ್ತವೆ. ಬಾಟ್ಲಿ ತೇಲ್ತಾ ಇರೋ ಕಡೆ ಬಲೆ ಇರುತ್ತೆ. ಆ ಬದಿಗೆ ಮರದ ಬೊಡ್ಡೆಗಳವೆ" ಅಂದರು ಅವರಲ್ಲಿ ಹಿರಿಯರು. ನಮ್ಮವರು ಫ್ಲಾಸ್ಕು, ಪೇಪರು ಹಿಡಿದುಕೊಂಡು ಕಾರಿನ ಹತ್ತಿರವೇ ಕೂತರು.

ಹಿಂದಿನ ಸೀಟಿನಲ್ಲಿ ಕೂತು ಹೊರಟೆ. ಚಿತ್ರಗಳಲ್ಲೆಲ್ಲ ಹಾಗೇ ನೋಡಿದ್ದು. ಎಡಗಡೆ ಹುಟ್ಟು ಹಾಕಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಪ್ರತಿ ಎಳೆತದ ಕೊನೆಗೆ ಮೇಲಿನ ಕೈಯ ಹೆಬ್ಬೆರಳನ್ನು ಕೆಳಗೆ ತಿರುಗಿಸಿ, ಎಲೆಯನ್ನು ಸ್ವಲ್ಪ ಹೊರಕ್ಕೆ ಒತ್ತಿದರೆ ಮತ್ತೆ ನೇರಕ್ಕೆ ಬರುತ್ತದೆ. ತೋಟದ ಕೆರೆಯಲ್ಲಿ ಇದನ್ನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದೆ. ಮೊದಲ ಒಂದು ಗಂಟೆ ನೀರು ಕನ್ನಡಿ. ಕಮಾನುಗಳ ನೆರಳು ಅಲುಗದೆ ಬಿದ್ದಿತ್ತು. ನೀರುಕಾಗೆ ಒಂದು ಒಣಗಿದ ಕೊಂಬೆ ಮೇಲೆ ರೆಕ್ಕೆ ಹರವಿ ಕೂತಿತ್ತು. ನಾನು ಹಾದು ಹೋದರೂ ಕದಲಲಿಲ್ಲ.

ಹತ್ತು ಗಂಟೆ ಹೊತ್ತಿಗೆ ಗಾಳಿ ಎದ್ದಿತು. ದೊಡ್ಡದೇನಲ್ಲ, ದಡದಲ್ಲಿ ಬಟ್ಟೆ ಒಣಹಾಕುವವರು ಖುಷಿಪಡುವಷ್ಟು. ವಾಪಸ್ ಹೋಗಬೇಕಿದ್ದದ್ದು ಅದಕ್ಕೆ ಎದುರಾಗಿ. ದೋಣಿಯ ಮುಂದಿನ ತುದಿ ನೀರಿನಿಂದ ಒಂದು ಗೇಣು ಮೇಲೆ ಎದ್ದಿತ್ತು. ಗಾಳಿ ಅದನ್ನೇ ಹಿಡಿದು ಪಕ್ಕಕ್ಕೆ ತಿರುಗಿಸುತ್ತಿತ್ತು. ನಾನು ನೇರ ಮಾಡುವುದು, ಅದು ತಿರುಗಿಸುವುದು. ಮುಂದಕ್ಕೆ ಹೋದದ್ದಕ್ಕಿಂತ ಸುತ್ತು ಹೊಡೆದದ್ದೇ ಜಾಸ್ತಿ. ಅರ್ಧ ಗಂಟೆಯಲ್ಲಿ ಬೊಡ್ಡೆಗಳಿದ್ದ ಬದಿಗೆ ಹೋಗಿ ಬಿದ್ದಿದ್ದೆ. ತಳದಲ್ಲಿ ಏನೋ ಗರ್ ಅಂತ ಕೆರೆಯಿತು. ಅಂಗೈಯಲ್ಲಿ ಬೊಬ್ಬೆ ಒಡೆದು ಉರಿಯುತ್ತಿತ್ತು. ದೂರದಲ್ಲಿ ನಮ್ಮವರು ಪೇಪರ್ ಬಿಟ್ಟು ಎದ್ದು ನಿಂತಿದ್ದು ಕಾಣುತ್ತಿತ್ತು.

ಅಷ್ಟರಲ್ಲಿ ಬೆಳಗ್ಗೆ ಮಾತಾಡಿಸಿದ್ದ ಹಿರಿಯರು ತೆಪ್ಪದಲ್ಲಿ ಬಂದರು. ಬಿದಿರಿನ ಬುಟ್ಟಿ, ಹೊರಗಡೆ ಟಾರು ಬಳಿದ ಪ್ಲಾಸ್ಟಿಕ್ ಚೀಲದ ಹೊದಿಕೆ. ಅದೇ ಗಾಳಿಗೆ ಎದುರಾಗಿ, ಏನೂ ಅವಸರವಿಲ್ಲದೆ. ಒಂದು ನಿಮಿಷ ನೋಡಿದರು.

"ಹಿಂದೆ ಕೂತ್ಕೊಂಡು ಮೂತಿನ ಗಾಳಿಗೆ ಕೊಟ್ಬಿಟ್ಟಿದ್ದೀರಲ್ಲ ಅಕ್ಕ! ಮುಂದಕ್ಕೆ ಬನ್ನಿ."

ಆಗ ಅವರು ಕೂತಿದ್ದ ರೀತಿ ನೋಡಿದೆ. ತೆಪ್ಪದ ಮುಂದಿನ ಅಂಚಿಗೆ ಮಂಡಿಯೂರಿ, ಎದುರಿನ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ನಾನು 54 ಕೆಜಿಯನ್ನು ಇಬ್ಬರು ಗಂಡಸರಿಗೆ ಮಾಡಿದ ದೋಣಿಯ ಒಂದು ತುದಿಗೆ ಹೊತ್ತುಕೊಂಡು ಹೋಗಿ ಇಟ್ಟಿದ್ದೆ. ಆರು ತಿಂಗಳು ತಳದ ಬಾಗು, ಅಗಲ, ವಸ್ತು ಅಂತ ಓದಿದವಳು ನಾನು ಎಲ್ಲಿ ಕೂರಬೇಕು ಅಂತ ಓದಿರಲಿಲ್ಲ.

ಅವರು ದೋಣಿಯ ಅಂಚು ಹಿಡಿದುಕೊಂಡರು. ನಾನು ಬಗ್ಗಿಕೊಂಡು ಎರಡು ಪಕ್ಕೆಗಳನ್ನು ಹಿಡಿದಿಡುವ ನಡುವಿನ ಅಡ್ಡಪಟ್ಟಿಯ ತನಕ ತೆವಳಿ, ಅಲ್ಲೇ ಮಂಡಿಯೂರಿದೆ. ಬುತ್ತಿ ಚೀಲವನ್ನು ಮುಂದಕ್ಕೆ ತಳ್ಳಿದೆ. ದೋಣಿ ಅಗಲ ಜಾಸ್ತಿ, ಮಧ್ಯದಿಂದ ಹುಟ್ಟು ನೀರಿಗೆ ಎಟುಕುತ್ತಿರಲಿಲ್ಲ. ಎಡಕ್ಕೆ ಸರಿದು ಕೂತೆ, ಅಂಚು ಎಡಕ್ಕೆ ವಾಲಿತು, ನೀರು ಕೈಗೆ ಬಂತು. ಭಯ ಆಯಿತು, ಆದರೆ ಮಗುಚಲಿಲ್ಲ. ಮುಂದಿನ ತುದಿ ತಗ್ಗಿ ನೀರಿಗೆ ಕೂತಿತ್ತು. ನಾಲ್ಕು ಸಲ ಎಳೆದೆ. ತಿರುಗಲಿಲ್ಲ. ಇನ್ನೂ ನಾಲ್ಕು. ಚರ್ಚಿನ ಗೋಪುರ ನೆಟ್ಟಗೆ ಎದುರಿಗೇ ಇತ್ತು. ಮಂಡಿ ಎರಡೂ ಬರೀ ಫೈಬರಿಗೆ ಒತ್ತಿ ಜೀವ ಹೋಗುತ್ತಿತ್ತು. ಆದರೂ ನಿಲ್ಲಿಸಲು ಮನಸ್ಸಾಗಲಿಲ್ಲ.

ಮುಂದಿನ ಭಾನುವಾರ ಮತ್ತೆ ಕಾಫಿ ಕಣ. ಎರಡೂ ಸೀಟು ಬಿಚ್ಚಿ ಹಾಕಿದೆವು. ಒಂದನ್ನು ದೋಣಿಯ ನಡುವಿಗಿಂತ ಒಂದು ಗೇಣು ಹಿಂದಕ್ಕೆ, ಮುಂದಿನ ಅಂಚು ಕೊಂಚ ಇಳಿಜಾರಾಗಿ ಕೂರಿಸಿದೆವು. ಮಂಡಿಯೂರಿ ಅದಕ್ಕೆ ಒರಗುವುದು. ಸೀಟಿನ ಕೆಳಗೆ ಪಾದ ಸಿಕ್ಕಿಕೊಳ್ಳದಷ್ಟು ಎತ್ತರ ಬಿಡಲೇಬೇಕು. ಅಣ್ಣ ಗಮ್‌ಬೂಟು ಹಾಕಿಕೊಂಡೇ ಕೂತು ಹತ್ತು ಸಲ ಪಾದ ಎಳೆದು ನೋಡಿದ. ಅಡ್ಡಪಟ್ಟಿ ಹಿಂದಕ್ಕೆ ಹೋಯಿತು. ಪೂರ್ತಿ ತೆಗೆದರೆ ದೋಣಿಯ ಪಕ್ಕೆಗಳು ಅಗಲವಾಗಿಬಿಡುತ್ತವೆ. ಮಂಡಿಗೆ ಹಳೇ ಯೋಗ ಮ್ಯಾಟನ್ನು ನಾಲ್ಕು ಪದರ ಮಾಡಿ ಪಂಕ್ಚರ್ ಅಂಗಡಿಯ ಸೊಲ್ಯೂಷನ್‌ನಲ್ಲಿ ಅಂಟಿಸಿದೆ. ಗಾಳಿ ಎದುರಾದ ದಿನ ಮುಂದುಗಡೆಗೆ ಒಂದು ಹತ್ತು ಲೀಟರ್ ಕ್ಯಾನು, ಅಲ್ಲೇ ಹೊಳೆಯ ನೀರು ತುಂಬಿ. ಅಣ್ಣ ಕಲ್ಲು ಇಡು ಅಂದಿದ್ದ. ದೋಣಿ ಮಗುಚಿದರೆ ಕಲ್ಲು ಕೆಳಕ್ಕೆ ಎಳೆಯುತ್ತದೆ, ನೀರೊಳಗಿನ ನೀರಿಗೆ ಭಾರವೇ ಇಲ್ಲ ಅಲ್ವಾ? ವಾಪಸ್ ಬರುವಾಗ ಚೆಲ್ಲಿದರೆ ಆಯಿತು.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಹಿರಿಯರು ದಡದಲ್ಲೇ ಇದ್ದರು. "ಒಂದ್ಸಲ ನೀವೇ ಬಿಟ್ಟು ನೋಡಿ" ಅಂದೆ. ಬೇಡ ಬೇಡ ಅನ್ನುತ್ತಲೇ ಹತ್ತಿದರು. ಹುಟ್ಟನ್ನು ಎರಡು ಸಲ ಹಾಕಿ, ಯಾರೂ ಹೇಳಿಕೊಡದೆ ಮೂರನೇದಕ್ಕೆ ಎಲೆ ತಿರುಗಿಸಿದರು. ನೆಟ್ಟಗೆ ನೂರು ಮಾರು ಹೋಗಿ ಬಂದು ಇಳಿದರು.

"ಚೆನ್ನಾಗೈತೆ. ಆದ್ರೆ ಇದು ನೇರ ಹೋಗ್ತದೆ ಅಕ್ಕ. ನಂಗೆ ಬಲೆ ಸುತ್ತ ತಿರುಗೋದು ಬೇಕು."

ನವಾರಿನ ಸೀಟು, ಸಿಲ್ವರ್ ಓಕ್ ಹುಟ್ಟು, ಮಂಡಿಯ ಮ್ಯಾಟು ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಎಣ್ಣೆ ಕ್ಯಾನಿನ ಮೊಗೆಯುವ ಡಬ್ಬ ಎತ್ತಿ ಹಿಡಿದು, "ಇದು ನಂಗಿರಲಿ" ಅಂತ ತೆಪ್ಪದೊಳಗೆ ಹಾಕಿಕೊಂಡರು.