ಡಿಗ್ರಿ ಆಯ್ತು, ಟೀಚರ್ ಆಗ್ಬೇಕು, ಎಲ್ಲಿಂದ ಶುರು ಮಾಡ್ಲಿ?

"ಅಕ್ಕ, ಡಿಗ್ರಿ ಮುಗೀತು, ಟೀಚರ್ ಆಗ್ಬೇಕು ಅಂತಿದೆ, ಬಿ.ಎಡ್‌ಗೆ ಸೇರ್ಲಾ?" ಮಡಿಕೇರಿ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರೂ ಇದೇ, ಮದ್ವೆ ಮನೇಲಿ ಸಿಕ್ಕಿದ್ರೂ ಇದೇ, ವಾಟ್ಸಾಪಲ್ಲೂ ಇದೇ ಪ್ರಶ್ನೆ. ನಾನು ತಿರುಗಿ ಕೇಳೋದು ಒಂದೇ, ಎಷ್ಟನೇ ಕ್ಲಾಸಿನ ಮಕ್ಕಳ ಜೊತೆ ಇರೋಕೆ ನಿಂಗೆ ಇಷ್ಟ? ಇದನ್ನ ತೀರ್ಮಾನ ಮಾಡ್ದೆ ಯಾವ ಕೋರ್ಸಿಗೂ ಫೀಸ್ ಕಟ್ಬೇಡಿ.

ಯಾಕಂದ್ರೆ ಬಿ.ಎಡ್ ಇದ್ರೆ ಎಲ್ಲಾ ಕಡೆ ನಡೆಯತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ನಡೆಯಲ್ಲ. ಒಂದರಿಂದ ಐದನೇ ಕ್ಲಾಸಿಗೆ ಬಿ.ಎಡ್ ಆಗಲ್ಲ ಅಂತ 2023ರ ಆಗಸ್ಟಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಪುಟ್ಟ ಮಕ್ಕಳೇ ಬೇಕು ಅನ್ನೋರು ಡಿ.ಎಲ್.ಎಡ್ ಅನ್ನೋ ಪ್ರೈಮರಿ ಟೀಚರ್ ಡಿಪ್ಲೊಮಾ ಮಾಡ್ಬೇಕು, ಅದೂ ಎರಡು ವರ್ಷದ್ದೇ, ಕೂಡಿಗೇಲಿರೋ ಡಯಟ್‌ಗೆ, ಅಂದ್ರೆ ನಮ್ಮ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಗೆ ಹೋಗಿ ಒಂದ್ಸಲ ವಿಚಾರಿಸಿ. ಆರರಿಂದ ಎಂಟಕ್ಕೆ ಡಿಗ್ರಿ, ಬಿ.ಎಡ್, ಜೊತೆಗೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅದ್ರ ಎರಡನೇ ಪೇಪರ್. ಹೈಸ್ಕೂಲಿಗೆ ಡಿಗ್ರಿ, ಬಿ.ಎಡ್. ಪಿಯು ಲೆಕ್ಚರರ್ ಆಗೋಕೆ ಎಂ.ಎ ಅಥವಾ ಎಂ.ಎಸ್ಸಿಲಿ 55 ಪರ್ಸೆಂಟು, ಅದ್ರ ಮೇಲೆ ಬಿ.ಎಡ್. ಡಿಗ್ರಿ ಕಾಲೇಜು ಅಂದ್ರೆ ದಾರೀನೇ ಬೇರೆ, ಅಲ್ಲಿ ಬಿ.ಎಡ್ ಕೇಳಲ್ಲ, ಪಿ.ಜಿ ಆಗಿ ನೆಟ್ ಇಲ್ಲಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸ್ ಆಗಿರ್ಬೇಕು.

ಟಿಇಟಿ ಬಗ್ಗೆ ಒಂದು ಮಾತು ಹೇಳ್ಲೇಬೇಕು. 150 ಪ್ರಶ್ನೆ, 150 ನಿಮಿಷ, ಜನರಲ್‌ನವ್ರಿಗೆ 90 ಬಂದ್ರೆ ಪಾಸು, ನೆಗೆಟಿವ್ ಮಾರ್ಕ್ಸ್ ಇಲ್ಲ, ಈಗ ಸರ್ಟಿಫಿಕೇಟು ಜೀವನಪೂರ್ತಿ ನಡೆಯತ್ತೆ. ಆದ್ರೆ 90 ಬಂತು ಅಂತ ಪುಸ್ತಕ ಮುಚ್ಚಿಡೋರನ್ನ ನೋಡಿದ್ರೆ ನಂಗೆ ಬೇಜಾರಾಗತ್ತೆ, ಯಾಕಂದ್ರೆ ಟಿಇಟಿ ಪಾಸಾದ್ರೆ ಕೆಲ್ಸ ಸಿಕ್ಕಿದಂಗಲ್ಲ, ನೇಮಕಾತಿಗೆ ಸಿಇಟಿ ಅಂತ ಬೇರೆ ಸ್ಪರ್ಧಾತ್ಮಕ ಪರೀಕ್ಷೆ ಇರತ್ತೆ, ಆ ಆಯ್ಕೆ ಪಟ್ಟೀಲಿ ಟಿಇಟಿ ಮಾರ್ಕ್ಸೂ ಡಿಗ್ರಿ ಮಾರ್ಕ್ಸೂ ಲೆಕ್ಕಕ್ಕೆ ಬರತ್ತೆ, ಅದಕ್ಕೇ ಇನ್ನೊಂದ್ಸಲ ಬರೆದು ಮಾರ್ಕ್ಸ್ ಏರಿಸ್ಕೊಳ್ಳಿ ಅಂತ ಹೇಳ್ತಾನೇ ಇರ್ತೀನಿ. 2022ರಲ್ಲಿ ಆರರಿಂದ ಎಂಟನೇ ಕ್ಲಾಸಿಗೆ 15,000 ಹುದ್ದೆ ಕರೆದ್ರು, ಅಷ್ಟೂ ತುಂಬ್ಲಿಲ್ಲ. ಜಾಗ ಇತ್ತು, ತಯಾರಿ ಸಾಕಾಗ್ಲಿಲ್ಲ.

ಇನ್ನು ನೋಟಿಫಿಕೇಶನ್ ಬರೋವರೆಗೆ ಮನೇಲಿ ಕೂತು ಓದ್ತೀನಿ ಅಂತಾರಲ್ಲ, ಅದು ನಂಗೆ ಒಪ್ಪಿಗೆ ಇಲ್ಲ. ಅತಿಥಿ ಶಿಕ್ಷಕರಾಗಿ ಹೋಗಿ. ಗೌರವಧನ ಕಮ್ಮಿ, ಕೈಗೆ ಬರೋದೂ ಲೇಟು, ಮುಂದಿನ ವರ್ಷ ಇರ್ತೀವೋ ಇಲ್ವೋ ಗೊತ್ತಿಲ್ಲ, ಕಷ್ಟಾನೇ. ಆದ್ರೂ ನಮ್ಮ ಕೊಡಗಿನ ಕ್ಲಾಸ್‌ರೂಮು ಹೇಗಿರತ್ತೆ ಅಂತ ಬಿ.ಎಡ್ ಪುಸ್ತಕದಲ್ಲಿ ಸಿಗಲ್ಲ. ಒಂದೇ ಬೆಂಚಲ್ಲಿ ಮನೇಲಿ ಕೊಡವ ತಕ್ಕ್ ಮಾತಾಡೋ ಮಗು, ಅರೆಭಾಷೆ ಮಗು, ಮಲಯಾಳಿ ಮಗು, ಯರವರ ಮಗು, ಅಸ್ಸಾಂ ಕಡೆಯಿಂದ ಬಂದು ತೋಟದ ಕೆಲಸಗಾರರ ಲೈನ್ ಮನೇಲಿರೋರ ಮಗು, ಇವ್ರಿಗೆಲ್ಲ ಕನ್ನಡ ಪಾಠಾನ ಎಲ್ಲಿಂದ ಶುರು ಮಾಡ್ತೀರಾ? ಆಟವಾಡ್ತಾ ಕಲಿಸೋ ನಲಿಕಲಿ ಪದ್ಧತಿ ಇರೋ ಕಡೆ ಒಂದು, ಎರಡು, ಮೂರನೇ ಕ್ಲಾಸು ಒಟ್ಟಿಗೇ ಕೂತಿರತ್ತೆ. ಡಿಸೆಂಬರ್ ಬಂದು ಕಾಫಿ ಕುಯ್ಲು ಶುರುವಾದ್ರೆ ಕೆಲ ಮಕ್ಕಳು ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗ್ತಾರೆ, ಪುಟ್ಟ ತಮ್ಮ ತಂಗೀನ ನೋಡ್ಕೊಳ್ಳೋಕೆ ದೊಡ್ಡ ಹುಡುಗಿ ಮನೇಲಿ ಉಳೀತಾಳೆ, ಲೈನ್ ಮನೆಗೇ ಹೋಗಿ ಮಾತಾಡ್ದೆ ಅವ್ಳು ವಾಪಸ್ ಬರಲ್ಲ. ಜುಲೈಲಿ ಮಳೆಗೆ ಡಿಸಿ ರಜೆ ಕೊಟ್ರೆ ಆ ಪಾಠಾನೆಲ್ಲ ಆಮೇಲೆ ಹೊಂದಿಸ್ಬೇಕು. ಇದೆಲ್ಲ ಮಾಡಿದ್ಮೇಲೂ ನಾಳೆ ಸ್ಕೂಲಿಗೆ ಹೋಗ್ಬೇಕು ಅನ್ಸಿದ್ರೆ ನೀವು ಟೀಚರೇ. ಅನ್ಸಿಲ್ಲ ಅಂದ್ರೆ ಅದೂ ತಪ್ಪಲ್ಲ, ಬೇಗ ಗೊತ್ತಾಯ್ತಲ್ಲ.

ಪ್ರೈವೇಟ್ ಸ್ಕೂಲಿಗೆ ಹೋಗೋರು ಅಪಾಯಿಂಟ್‌ಮೆಂಟ್ ಲೆಟರ್, ಪಿಎಫ್ ಎರಡನ್ನೂ ಮೊದ್ಲೇ ಕೇಳಿ, ಸಂಕೋಚ ಬೇಡ.

ಕೆಲ್ಸ ಸಿಕ್ಕಿದ್ಮೇಲೆ ಓದು ನಿಲ್ಲಿಸ್ಬೇಡಿ. ಪರ್ಮಿಷನ್ ತಗೊಂಡು ಎಂ.ಎ ಮಾಡಿ, ಸ್ಕೂಲುಗಳಿಗೆ ಹೋಗಿ ಟೀಚರ್‌ಗಳಿಗೆ ಸಹಾಯ ಮಾಡೋ ಸಿಆರ್‌ಪಿ, ಬಿಆರ್‌ಪಿ ಕೆಲ್ಸ ಇದೆ, ಕೆಪಿಎಸ್‌ಸಿ ಬರೆದು ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆದವರೂ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಎಂಟನೇ ಕ್ಲಾಸಿನವರೆಗೆ ಪಾಠ ಮಾಡೋರ ಪ್ರಮೋಷನ್‌ಗೂ ಟಿಇಟಿ ಬೇಕು ಅಂದಿದೆ, ಸರ್ವಿಸ್‌ನಲ್ಲಿರೋ ಹಿರಿಯ ಟೀಚರ್‌ಗಳೇ ಈಗ ತಲೆ ಕೆಡಿಸ್ಕೊಂಡಿದ್ದಾರೆ, ನೀವಾದ್ರೂ ಮೊದ್ಲೇ ಪಾಸ್ ಮಾಡಿಟ್ಕೊಳ್ಳಿ.

ಈ ವರ್ಷ ಬಿ.ಎಡ್ ಮುಗಿಸ್ತಿರೋರು ಮೇ ಕೊನೇಲೇ ಹತ್ತಿರದ ಸ್ಕೂಲ್ ಎಚ್.ಎಂ ಹತ್ರ, ಬಿಇಒ ಆಫೀಸಲ್ಲೂ ಅತಿಥಿ ಶಿಕ್ಷಕರ ಜಾಗ ಇದ್ಯಾ ಅಂತ ವಿಚಾರಿಸಿಡಿ. ಮಳೆ ಹಿಡ್ಕೊಂಡ್ಮೇಲೆ ಹೋದ್ರೆ ಅಷ್ಟೊತ್ತಿಗೆ ಯಾರೋ ಸೇರ್ಕೊಂಡಿರ್ತಾರೆ.