ಕೊಡೆ ಬಿಚ್ಚದೆ ಸುತ್ತಿದ ಬೊಲೊನ್ಯಾ

ಇಟಲಿಗೆ ಬರುವ ನಮ್ಮವರು ಸಾಮಾನ್ಯವಾಗಿ ರೋಮ್, ಫ್ಲಾರೆನ್ಸ್, ವೆನಿಸ್ ಈ ಮೂರನ್ನು ನೋಡುತ್ತಾರೆ. ಸಮಯ ಉಳಿದರೆ ಪೀಸಾದ ವಾಲುಗೋಪುರಕ್ಕೆ ಕೈ ಕೊಟ್ಟು ನಿಂತಂತೆ ಫೋಟೊ ತೆಗೆಸಿಕೊಂಡು ಊರಿಗೆ ಮರಳುತ್ತಾರೆ. ಫ್ಲಾರೆನ್ಸಿನಿಂದ ವೆನಿಸ್ಸಿಗೆ ಹೋಗುವಾಗ ರೈಲು ನಡುವೆ ಬೊಲೊನ್ಯಾದಲ್ಲಿ ನಿಲ್ಲುತ್ತದೆ, ಆದರೆ ಅಲ್ಲಿ ಇಳಿಯುವವರು ಕಡಿಮೆ. ಮಿಲಾನಿನಲ್ಲಿ ನೆಲೆಸಿರುವ ನಾನು ಬೆಳಗಾವಿಯಿಂದ ಬಂದಿದ್ದ ಅಪ್ಪ ಅಮ್ಮನನ್ನು ಕಳೆದ ನವೆಂಬರಿನಲ್ಲಿ ಅಲ್ಲಿಗೇ ಕರೆದುಕೊಂಡು ಹೋದೆ. ವೇಗದ ರೈಲಿನಲ್ಲಿ ಒಂದು ಗಂಟೆಯ ದಾರಿ ಎಂಬುದು ಒಂದು ಕಾರಣ. ಮಳೆಗಾಲದಂತಿರುವ ಇಲ್ಲಿನ ನವೆಂಬರಿನಲ್ಲಿ ವಯಸ್ಸಾದವರನ್ನು ನೆನೆಯದಂತೆ ಇಡೀ ದಿನ ನಡೆಸಬಹುದಾದ ಊರು ಇದನ್ನು ಬಿಟ್ಟರೆ ಬೇರೊಂದು ನನಗೆ ಗೊತ್ತಿರಲಿಲ್ಲ ಎಂಬುದು ಇನ್ನೊಂದು ಕಾರಣ.

ಸ್ಟೇಷನ್ನಿನಲ್ಲೇ ಮೊದಲು ನೋಡಬೇಕಾದದ್ದು ಇದೆ. 1980ರ ಆಗಸ್ಟ್ 2ರಂದು ಬೆಳಗ್ಗೆ 10 ಗಂಟೆ 25 ನಿಮಿಷಕ್ಕೆ ಎರಡನೇ ದರ್ಜೆಯ ನಿರೀಕ್ಷಣಾ ಕೊಠಡಿಯಲ್ಲಿ ನವ-ಫ್ಯಾಸಿಸ್ಟ್ ಉಗ್ರರು ಇಟ್ಟಿದ್ದ ಬಾಂಬ್ ಸಿಡಿದು 85 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ಕೊಠಡಿಯನ್ನು ಮತ್ತೆ ಕಟ್ಟಿದಾಗ ಗೋಡೆಯಲ್ಲಿ ಒಂದು ಸೀಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸತ್ತವರೆಲ್ಲರ ಹೆಸರನ್ನೂ ವಯಸ್ಸನ್ನೂ ಕೆತ್ತಿಸಿದ್ದಾರೆ. ಅದರಲ್ಲಿ ಮೂರು ವರ್ಷದ ಮಗುವೂ ಇದೆ. ಹೊರಗೋಡೆಯ ಗಡಿಯಾರವನ್ನು ಆ ಹೊತ್ತಿಗೇ ನಿಲ್ಲಿಸಿ ಇಟ್ಟಿದ್ದಾರೆ. ಆ ಕೊಠಡಿ ಇಂದಿಗೂ ನಿರೀಕ್ಷಣಾ ಕೊಠಡಿಯೇ. ಹೆಸರುಗಳ ಕೆಳಗಿನ ಕುರ್ಚಿಗಳಲ್ಲಿ ಜನ ಸೂಟ್‌ಕೇಸ್ ಇಟ್ಟುಕೊಂಡು ಕುಳಿತಿರುತ್ತಾರೆ.

ಸ್ಟೇಷನ್ನಿನಿಂದ ಊರ ನಡುವಿನ ಚೌಕಕ್ಕೆ ಹೋಗುವ ಬೀದಿಗೆ ಕಾಲಿಟ್ಟರೆ ಪೋರ್ಟಿಕೊ ಶುರುವಾಗುತ್ತದೆ. ಮನೆಗಳ ಮೇಲಂತಸ್ತು ಬೀದಿಯ ಕಡೆಗೆ ಚಾಚಿಕೊಂಡಿದ್ದು, ಅದನ್ನು ಹೊತ್ತ ಕಂಬಗಳ ಸಾಲಿಗೂ ಅಂಗಡಿಗಳ ಬಾಗಿಲಿಗೂ ನಡುವೆ ಸಾಗುವ ಸೂರಿರುವ ಕಾಲುದಾರಿಯೇ ಪೋರ್ಟಿಕೊ. ನಮ್ಮ ಹಳೆಯ ಮನೆಗಳ ಮುಂಗಟ್ಟೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಬೀದಿಯುದ್ದಕ್ಕೂ ಎಳೆದರೆ ಹೇಗಿರುತ್ತದೋ ಹಾಗೆ. ಇಂಥ ಸೂರಿನ ದಾರಿ ಬೊಲೊನ್ಯಾದಲ್ಲಿ ಒಟ್ಟು ಸುಮಾರು 62 ಕಿಲೋಮೀಟರ್ ಇದ್ದು, 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಪ್ಪ ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರು ಕಂಬಗಳ ಕಡೆಗಾಗಲಿ, ಮೇಲಿನ ಕಮಾನುಗಳ ಕಡೆಗಾಗಲಿ ನೋಡಲಿಲ್ಲ. ತಲೆ ತಗ್ಗಿಸಿ ನೆಲವನ್ನು ನೋಡುತ್ತ ನಡೆದರು. ನಾವು ಮೊಸಾಯಿಕ್ ಎಂದು ಕರೆಯುವ, ಕಲ್ಲಿನ ಚೂರುಗಳನ್ನು ಹಾಕಿ ಉಜ್ಜಿ ನುಣುಪು ಮಾಡಿದ ನೆಲ ಒಂದಷ್ಟು ದೂರ ಕೆಂಪಾಗಿರುತ್ತದೆ, ಆಮೇಲೆ ಒಂದು ಗೆರೆ, ಅಲ್ಲಿಂದ ಬೂದುಬಣ್ಣ, ಮತ್ತೊಂದು ಗೆರೆ, ಅದರಾಚೆಗೆ ಬರಿಯ ಕಲ್ಲುಚಪ್ಪಡಿ. ಆ ಗೆರೆಗಳ ಮೇಲೆ ಬೂಟು ಇಟ್ಟು ನಿಂತು ಅವರು ಕೇಳಿದರು: "ತಮ್ಮಾ, ಮನಿ ಬದಲಾದಂಗ ನೆಲಾನೂ ಬದಲಾಗಾಕತ್ತೈತಿ ನೋಡು. ಈ ಜಾಗಾದ ಉತಾರ ಯಾರ ಹೆಸರಿನ್ಯಾಗ ಐತಿ?"

ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿತ್ತು. ನಾವು ನಿಂತಿದ್ದ ನೆಲದ ಬಹುಪಾಲು ಖಾಸಗಿಯದು, ಹಿಂದಿರುವ ಮನೆಯವರದು. ಆದರೆ ಅದರ ಮೇಲೆ ನಡೆಯುವ ಹಕ್ಕು ಊರವರಿಗೆಲ್ಲ ಸೇರಿದ್ದು. ಇದು ಹೀಗಾದ ಬಗೆ ಸ್ವಾರಸ್ಯಕರವಾಗಿದೆ. ಪರಂಪರೆಯ ಪ್ರಕಾರ 1088ರಲ್ಲಿ ಆರಂಭವಾದ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಕಾನೂನು ಕಲಿಯಲು ಯುರೋಪಿನ ನಾನಾ ಕಡೆಯಿಂದ ವಿದ್ಯಾರ್ಥಿಗಳು ಬರತೊಡಗಿದರು, ಅವರ ಹಿಂದೆ ಕಸುಬುದಾರರೂ ಬಂದರು, ಕೋಟೆಯೊಳಗೆ ಇರಲು ಜಾಗ ಸಾಲದಾಯಿತು. ಮನೆಯವರು ಮೇಲಂತಸ್ತಿನ ಕೋಣೆಗಳನ್ನು ಮರದ ತೊಲೆಗಳ ಮೇಲೆ ಬೀದಿಯತ್ತ ಚಾಚಿ ಕಟ್ಟಿ ಬಾಡಿಗೆಗೆ ಕೊಟ್ಟರು. ಚಾಚಿದ ಭಾಗ ದೊಡ್ಡದಾಗುತ್ತ ಹೋದಂತೆ ತೊಲೆಗಳಿಗೆ ಆಸರೆಯಾಗಿ ಕೆಳಗಿನಿಂದ ಕಂಬ ಕೊಡಬೇಕಾಯಿತು. ಬೇರೆ ಊರುಗಳ ಆಡಳಿತಗಳು ಇಂಥದ್ದನ್ನು ಕೆಡವಿಸಲು ಹೊರಟರೆ, ಬೊಲೊನ್ಯಾದ ನಗರಸಭೆ 1288ರಲ್ಲಿ ತದ್ವಿರುದ್ಧವಾದ ಕಟ್ಟಳೆ ಹೊರಡಿಸಿತು: ಪೋರ್ಟಿಕೊ ಇರುವವರು ಅದನ್ನು ಸುಸ್ಥಿತಿಯಲ್ಲಿಡಬೇಕು, ಇಲ್ಲದವರು ಹೊಸದಾಗಿ ಕಟ್ಟಬೇಕು, ಕುದುರೆ ಏರಿದವನೂ ಹಾದುಹೋಗುವಷ್ಟು ಎತ್ತರ ಬಿಡಬೇಕು. ಮೇಲೆ ಕೋಣೆ ನಿನ್ನದು, ಕೆಳಗೆ ದಾರಿ ಎಲ್ಲರದು.

"ಅಂದ್ರ ಇದು ಮೊದಲಿಗೆ ಅತಿಕ್ರಮಣನ!" ಎಂದು ಅಪ್ಪ ನಕ್ಕರು. ನೌಕರಿಯ ಬಹುಕಾಲ ಅವರು ಅಳೆದದ್ದು ಅದನ್ನೇ.

ಚೌಕದ ಬಾಯಲ್ಲಿ ಸಮುದ್ರದೇವತೆ ನೆಪ್ಚೂನನ ಕಾರಂಜಿಯಿದೆ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಎದುರಿನ ಗೋಡೆಯ ಮೇಲಿನ ಪುಟ್ಟ ಪುಟ್ಟ ಭಾವಚಿತ್ರಗಳು. ನಾಜಿಗಳ ಮತ್ತು ಫ್ಯಾಸಿಸ್ಟರ ವಿರುದ್ಧ ಹೋರಾಡಿ ಸತ್ತ ಎರಡು ಸಾವಿರಕ್ಕೂ ಹೆಚ್ಚು ಸ್ಥಳೀಯರ ಸ್ಮಾರಕವದು. ಅನೇಕರನ್ನು ಇದೇ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ್ದರು. 1945ರ ಏಪ್ರಿಲ್ 21ರಂದು ನಗರ ಬಿಡುಗಡೆಯಾದ ಕೂಡಲೇ ಮನೆಯವರು ಬಂದು ಇಲ್ಲಿ ಫೋಟೊ, ಹೂವು ಸಿಕ್ಕಿಸಿದರು. ಆ ಬಿಡುಗಡೆಗೆ ಬೆಳಗಾವಿಯ ನಂಟೂ ಉಂಟು. ಅದಕ್ಕೆ ಹನ್ನೆರಡು ದಿನ ಮೊದಲು, ಏಪ್ರಿಲ್ 9ರಂದು, ಬೊಲೊನ್ಯಾದ ಪೂರ್ವಕ್ಕಿರುವ ಸೇನಿಯೊ ನದಿಯನ್ನು ದಾಟಿದ ಪಡೆಗಳಲ್ಲಿ ಎಂಟನೇ ಭಾರತೀಯ ಡಿವಿಜನ್ನಿನ ಮರಾಠಾ ಲಘು ಪದಾತಿದಳವೂ ಇತ್ತು. ಗಾಯಗೊಂಡ ಇಬ್ಬರು ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ನೆಲಬಾಂಬುಗಳ ನಡುವಿನಿಂದ ಹೊತ್ತು ತಂದು, ಮತ್ತೆ ಹೋಗಿ ಶತ್ರುವಿನ ಮಷಿನ್‌ಗನ್ ಠಾಣೆಗಳನ್ನು ನಾಶಮಾಡಿದ ಸಿಪಾಯಿ ನಾಮದೇವ ಜಾಧವರಿಗೆ ಆ ದಿನದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯ ಕ್ಯಾಂಪಿನಲ್ಲಿದೆ. ರಂಗರೂಟರು ಓಡುವುದನ್ನು ನೋಡುತ್ತಲೇ ಬೆಳೆದವನು ನಾನು. ಆ ಹೋರಾಟಗಳಲ್ಲಿ ಮಡಿದ ಭಾರತೀಯ ಸೈನಿಕರ ಸ್ಮಶಾನ ಇದೇ ರೈಲುಮಾರ್ಗದಲ್ಲಿ ಮುಂದಿರುವ ಫೊರ್ಲಿ ಪಟ್ಟಣದಲ್ಲಿದೆ.

ಪ್ರಸಿದ್ಧವಾದ ಎರಡು ಗೋಪುರಗಳನ್ನು ದೂರದಿಂದಲೇ ನೋಡಿದೆವು. ಮಧ್ಯಯುಗದ ಸಿರಿವಂತ ಮನೆತನಗಳು ಪೈಪೋಟಿಯಲ್ಲಿ ಕಟ್ಟಿಸಿದ ಹತ್ತಾರು ಗೋಪುರಗಳ ಪೈಕಿ 97 ಮೀಟರ್ ಎತ್ತರದ ಅಸಿನೆಲ್ಲಿಯೂ 48 ಮೀಟರ್ ಎತ್ತರದ ಗರಿಸೆಂದಾವೂ ಇಂದು ಊರಿನ ಗುರುತಾಗಿವೆ. ಗರಿಸೆಂದಾ ಪೀಸಾದ ಗೋಪುರದಂತೆಯೇ ವಾಲಿದೆ. ಬೀಳಬಹುದೆಂಬ ಭಯದಿಂದ ಅದರ ತಲೆಯನ್ನು ಹದಿನಾಲ್ಕನೇ ಶತಮಾನದಲ್ಲೇ ಇಳಿಸಿದ್ದರು. 2023ರ ಅಕ್ಟೋಬರಿನಿಂದ ಅದರ ಸುತ್ತ ಬೇಲಿ ಹಾಕಿದ್ದಾರೆ. ಅಸಿನೆಲ್ಲಿಯ 498 ಮೆಟ್ಟಿಲುಗಳನ್ನು ಹತ್ತುವ ಅವಕಾಶವೂ ಇರಲಿಲ್ಲ, ಅಮ್ಮನ ಮೊಣಕಾಲಿಗೆ ಅದರಿಂದ ಬೇಸರವೂ ಆಗಲಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಸ್ತ್ರಾದಾ ಮಜ್ಜೋರೆ ಬೀದಿಯಲ್ಲಿ ಇಸೊಲಾನಿ ಮನೆಯಿದೆ. 1568ರಲ್ಲಿ ಮರದ ಕಂಬಗಳನ್ನು ತೆಗೆದು ಇಟ್ಟಿಗೆಯ ಇಲ್ಲವೇ ಕಲ್ಲಿನ ಕಂಬ ಹಾಕಬೇಕೆಂದು ಆಜ್ಞೆಯಾದರೂ, ಹದಿಮೂರನೇ ಶತಮಾನದ ಈ ಮನೆಯ ಓಕ್ ಮರದ ಕಂಬಗಳು ಹಾಗೆಯೇ ಉಳಿದುಕೊಂಡಿವೆ. ಒಂದು ಕಂಬವನ್ನು ಮುಟ್ಟಿ ನೋಡಿದೆ. ಮರ ಕಪ್ಪಾಗಿ ಉದ್ದುದ್ದಕ್ಕೆ ಬಿರುಕು ಬಿಟ್ಟಿದೆ, ಬಿರುಕಿನೊಳಗೆ ಬೆರಳು ಹೋಗುತ್ತದೆ, ಆದರೂ ಮೂರು ಆಳೆತ್ತರಕ್ಕೂ ಮೇಲಿರುವ ಮನೆಯ ಭಾರವನ್ನು ಅದು ಹೊತ್ತು ನಿಂತಿದೆ.

ನಾನು ಹೊತ್ತು ನೋಡಿಕೊಂಡು ಬಂದದ್ದು ಸಾನ್ ಪೆತ್ರೋನಿಯೊ ಚರ್ಚಿಗಾಗಿ. 1390ರಲ್ಲಿ ಆರಂಭವಾದ ಈ ಭಾರಿ ಕಟ್ಟಡದ ಮುಖಭಾಗ ಇನ್ನೂ ಪೂರ್ತಿಯಾಗಿಲ್ಲ. ಕೆಳಗೆ ಅಮೃತಶಿಲೆ, ಮೇಲೆ ಬರಿಯ ಇಟ್ಟಿಗೆ. ಒಳಗೆ ಎಡಪಕ್ಕದ ನೆಲದಲ್ಲಿ ಸುಮಾರು 67 ಮೀಟರ್ ಉದ್ದದ ಲೋಹದ ಗೆರೆಯೊಂದು ಕಂಬಗಳ ನಡುವೆ ಓರೆಯಾಗಿ ಹಾದುಹೋಗಿದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಖಗೋಳಶಾಸ್ತ್ರ ಕಲಿಸುತ್ತಿದ್ದ ಜೊವಾನ್ನಿ ದೊಮೆನಿಕೊ ಕಸ್ಸೀನಿ 1655ರಲ್ಲಿ ಎಳೆಸಿದ ಮಧ್ಯಾಹ್ನರೇಖೆ ಇದು. 27 ಮೀಟರ್ ಎತ್ತರದ ಚಾವಣಿಯಲ್ಲೊಂದು ಸಣ್ಣ ತೂತು; ಅದರೊಳಗಿಂದ ಇಳಿದ ಬಿಸಿಲು ನೆಲದ ಮೇಲೆ ಸೂರ್ಯನ ಬಿಂಬವಾಗಿ ಬಿದ್ದು, ನಿಜವಾದ ನಡುಹಗಲಿನಲ್ಲಿ ಈ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಬಿಂಬ ತೂತಿನ ಬುಡದ ಹತ್ತಿರ ಬೀಳುತ್ತದೆ, ಚಳಿಗಾಲದಲ್ಲಿ ಗೆರೆಯ ದೂರದ ತುದಿಯತ್ತ ಸರಿಯುತ್ತದೆ. 1582ರಲ್ಲಿ ಹತ್ತು ದಿನಗಳನ್ನು ಕಿತ್ತುಹಾಕಿ ಪಂಚಾಂಗ ತಿದ್ದಿಸಿದ ಪೋಪ್ ಹದಿಮೂರನೇ ಗ್ರೆಗೊರಿ ಇದೇ ಊರಿನವನು. ಆ ತಿದ್ದುಪಡಿ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಈ ರೇಖೆಯ ಒಂದು ಉದ್ದೇಶ. ಬಿಂಬದ ಗಾತ್ರ ವರ್ಷದುದ್ದಕ್ಕೂ ಹಿಗ್ಗಿ ಕುಗ್ಗುವುದನ್ನು ಅಳೆದ ಕಸ್ಸೀನಿ, ಸೂರ್ಯನ ವೇಗದ ಏರಿಳಿತದ ಬಗ್ಗೆ ಕೆಪ್ಲರ್ ಹೇಳಿದ್ದಕ್ಕೆ ಆಧಾರವನ್ನೂ ಒದಗಿಸಿದ. ಭೂಮಿ ಸುತ್ತುತ್ತದೆಂದ ಗೆಲಿಲಿಯೊನನ್ನು ಶಿಕ್ಷಿಸಿ ಇಪ್ಪತ್ತೆರಡೇ ವರ್ಷವಾಗಿದ್ದಾಗ, ಚರ್ಚಿನ ನೆಲದ ಮೇಲೆಯೇ ಈ ಅಳತೆ ನಡೆಯಿತು.

ಹನ್ನೆರಡಕ್ಕೆ ಸ್ವಲ್ಪ ಮೊದಲು ಮೋಡ ಸರಿದು ಬಿಂಬ ಕಾಣಿಸಿಕೊಂಡಿತು. ಅಂಡಾಕಾರದ, ಅಂಚು ಮಸುಕಾದ, ಅರ್ಧ ಮೀಟರಿಗೂ ಅಗಲವಾದ ಬೆಳಕು ಕಣ್ಣೆದುರಿಗೇ ನಿಧಾನವಾಗಿ ಗೆರೆಯ ಕಡೆಗೆ ತೆವಳುತ್ತಿತ್ತು. ಪಕ್ಕದ ಅಮೃತಶಿಲೆಯ ಮೇಲೆ ವೃಶ್ಚಿಕ ರಾಶಿಯ ಗುರುತಿತ್ತು. ಅಮ್ಮ ತಕ್ಷಣ ತಕರಾರು ತೆಗೆದರು: "ಈಗ ಸೂರ್ಯ ತುಲಾದಾಗ ಅದಾನಲ್ಲಾ, ವೃಶ್ಚಿಕ ಎಲ್ಲಿಂದ ಬಂತು?" ಅವರ ಪಂಚಾಂಗವೂ ತಪ್ಪಲ್ಲ. ನಾವು ರಾಶಿಯನ್ನು ನಕ್ಷತ್ರಗಳಿಂದ ಎಣಿಸುತ್ತೇವೆ, ಇಲ್ಲಿಯವರು ವಿಷುವದ್ಬಿಂದುವಿನಿಂದ, ಅಂದರೆ ಮಾರ್ಚಿನಲ್ಲಿ ಹಗಲಿರುಳು ಸಮನಾಗುವಾಗ ಸೂರ್ಯನಿರುವ ಜಾಗದಿಂದ, ಎಣಿಸುತ್ತಾರೆ. ಎರಡರ ನಡುವಿನ ಅಂತರ, ಅಂದರೆ ಅಯನಾಂಶ, ಈಗ ಸುಮಾರು 24 ಡಿಗ್ರಿಗೆ ಬಂದಿದೆ. ಬಿಸಿಲು ಡಿಸೆಂಬರಿನಲ್ಲೇ ತಿರುಗಿದರೂ ನಮ್ಮ ಮಕರ ಸಂಕ್ರಾಂತಿ ಜನವರಿಯಲ್ಲಿ ಬರುವುದು ಇದೇ ಕಾರಣಕ್ಕೆ. ಇಷ್ಟು ಹೇಳುವಷ್ಟರಲ್ಲಿ ಬಿಂಬ ಗೆರೆ ದಾಟಿತ್ತು.

ಊಟದ ವಿಷಯದಲ್ಲಿ ಈ ಊರು ನಮ್ಮಂಥವರಿಗೆ ಉದಾರಿಯಲ್ಲ. ಇಲ್ಲಿನ ಹೆಮ್ಮೆಯೆಲ್ಲ ಮಾಂಸದ ಸಾರಿನಲ್ಲಿ, ಹಂದಿಮಾಂಸದ ಮೊರ್ತದೆಲ್ಲಾದಲ್ಲಿ. ಮಾಂಸವಿಲ್ಲದ್ದನ್ನು ಕೇಳಿದರೆ ಗಿಣ್ಣಿನ ಹೂರಣ ತುಂಬಿದ ತೊರ್ತೆಲ್ಲೋನಿ ಇದೆ ಎನ್ನುತ್ತಾರೆ, ಆದರೆ ಅದರ ಹಿಟ್ಟನ್ನು ಕಲಸುವುದು ಮೊಟ್ಟೆಯಲ್ಲಿ. ಮೇಲೆ ಉದುರಿಸುವ ಪಾರ್ಮಿಜಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದ ದ್ರವದಿಂದ. ಕರಿದ ರೊಟ್ಟಿಗಳಲ್ಲೂ ಹಲವೆಡೆ ಹಂದಿಕೊಬ್ಬು ಇರುತ್ತದೆ. ಕಡೆಗೆ ಚೀಸೇ ಇಲ್ಲದ, ಟೊಮ್ಯಾಟೊ ಬೆಳ್ಳುಳ್ಳಿಯ ಮರಿನಾರಾ ಪಿಜ್ಜಾ ತರಿಸಿದೆವು. ಅಮ್ಮ ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡರು.

ಊಟವಾದ ಮೇಲೆ ಚರ್ಚಿನ ಮಗ್ಗುಲಿನ ಆರ್ಕಿಜಿನ್ನಾಸಿಯೊಗೆ ಹೋದೆವು. ಹದಿನಾರನೇ ಶತಮಾನದಲ್ಲಿ ವಿಶ್ವವಿದ್ಯಾಲಯಕ್ಕೆ ಕಟ್ಟಿಸಿದ ಕಟ್ಟಡವಿದು. ಗೋಡೆ, ಚಾವಣಿಗಳ ತುಂಬ ಅಂದಿನ ವಿದ್ಯಾರ್ಥಿಗಳ ಮನೆತನದ ಸಾವಿರಾರು ಲಾಂಛನಗಳಿವೆ. ಮಾಳಿಗೆಯಲ್ಲಿ ಶವಚ್ಛೇದನ ಕಲಿಸುತ್ತಿದ್ದ ಮರದ ಸಭಾಂಗಣ. ನಡುವೆ ಅಮೃತಶಿಲೆಯ ಮೇಜು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು, ಉಪನ್ಯಾಸಕರ ಪೀಠದ ಛಾವಣಿಯನ್ನು ಹೊತ್ತ ಚರ್ಮ ಸುಲಿದ ಎರಡು ಮಾನವಾಕೃತಿಗಳು. 1944ರ ಜನವರಿಯ ಬಾಂಬ್ ದಾಳಿಯಲ್ಲಿ ಇದು ನುಚ್ಚುನೂರಾಗಿತ್ತು. ಅವಶೇಷಗಳಲ್ಲಿ ಸಿಕ್ಕ ಮೂಲ ತುಣುಕುಗಳನ್ನೇ ಬಳಸಿ ಮತ್ತೆ ಕಟ್ಟಿದ್ದಾರೆ. ಅಮ್ಮನಿಗೆ ಇದಕ್ಕಿಂತ ಹಿಡಿಸಿದ್ದು ಲಾವ್ರಾ ಬಸ್ಸಿಯ ಕಥೆ: 1732ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಈ ಊರಿನಲ್ಲಿ ಡಾಕ್ಟರೇಟ್ ಪಡೆದು, ಸಂಬಳದ ಮೇಲೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಹೆಣ್ಣುಮಗಳು ಆಕೆ.

ಆಮೇಲೆ ಮಳೆ ಹಿಡಿಯಿತು. ಅಮ್ಮ ಚೌಕದಿಂದ ಹೊರಡುವ ಪುಟ್ಟ ಪ್ರವಾಸಿ ಬಂಡಿಯಲ್ಲಿ ಸಾನ್ ಲೂಕಾ ಬೆಟ್ಟಕ್ಕೆ ಹೋದರು. ಅಪ್ಪನೂ ನಾನೂ ಸರಗೊಜ್ಜಾ ಬಾಗಿಲಿನಿಂದ ನಡೆದೆವು. ಅಲ್ಲಿಂದ ಬೆಟ್ಟದ ಮೇಲಿನ ಮರಿಯಮ್ಮನ ಗುಡಿಯವರೆಗೆ ಸುಮಾರು 3.8 ಕಿಲೋಮೀಟರ್ ಉದ್ದಕ್ಕೆ, 666 ಕಮಾನುಗಳ ಒಂದೇ ಪೋರ್ಟಿಕೊ ಇದೆ. 1433ರಲ್ಲಿ ಮಳೆ ನಿಲ್ಲದೆ ಬೆಳೆ ಕೊಳೆಯುವಂತಾದಾಗ ಬೆಟ್ಟದ ಮರಿಯಮ್ಮನ ಚಿತ್ರವನ್ನು ಮೆರವಣಿಗೆಯಲ್ಲಿ ಊರಿಗೆ ತಂದರೆಂದೂ, ತಂದೊಡನೆ ಮಳೆ ನಿಂತಿತೆಂದೂ ಪ್ರತೀತಿ; ಇಂದಿಗೂ ಪ್ರತಿವರ್ಷ ಚಿತ್ರವನ್ನು ಇಳಿಸಿ ತರುತ್ತಾರೆ. ಆ ಯಾತ್ರೆಗಾಗಿ 1674ರಲ್ಲಿ ಶುರುವಾದ ಈ ಸೂರಿನ ದಾರಿ 1721ರ ಹೊತ್ತಿಗೆ ಬೆಟ್ಟದ ತುದಿ ಮುಟ್ಟಿತು. 1677ರಲ್ಲಿ ಊರ ಜನ ಸಾಲಾಗಿ ನಿಂತು, ಕಟ್ಟುವ ಸಾಮಾನನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಸಾಗಿಸಿದರು.

ಸಪಾಟು ದಾರಿಯ ಉದ್ದಕ್ಕೂ ಅಪ್ಪ ಮಾತಾಡುತ್ತಲೇ ಇದ್ದರು. ಮೆಲೊಂಚೆಲ್ಲೊ ಕಮಾನಿನಲ್ಲಿ ದಾರಿ ರಸ್ತೆಯ ಮೇಲಿಂದ ದಾಟಿ ಏರು ಶುರುವಾದ ಮೇಲೆ ಸುಮ್ಮನಾದರು. ಇಲ್ಲಿ ಮೇಲೆ ಮನೆಗಳಿಲ್ಲ, ಬಾಡಿಗೆಯಿಲ್ಲ, ಬರಿಯ ಸೂರು. ಒಂದೊಂದು ಕಮಾನಿಗೂ ಹಣ ಕೊಟ್ಟ ಮನೆತನಗಳ, ಕಸುಬುದಾರರ ಸಂಘಗಳ ಹೆಸರಿನ ಫಲಕಗಳನ್ನು ಕೆಲವೆಡೆ ಗೋಡೆಯಲ್ಲಿ ಕಾಣಬಹುದು; ಅಕ್ಷರಗಳು ಸವೆದಿವೆ. ನಾವು ದಣಿದು ಕುಳಿತಾಗ ಕ್ರೀಡಾ ಉಡುಪಿನ ಹುಡುಗಿಯರು ಓಡುತ್ತ ಮೇಲೇರಿದರು, ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು ಇಳಿದುಬಂದರು. ಮಳೆ ಕಮಾನುಗಳಾಚೆ ಸುರಿಯುತ್ತಿತ್ತು, ನಮ್ಮ ಕೊಡೆಗಳು ಚೀಲದಲ್ಲೇ ಇದ್ದವು.

ಅಮ್ಮ ಗುಡಿಯ ಬಾಗಿಲಲ್ಲಿ ಕಾಯುತ್ತಿದ್ದರು. ಇಂಥ ಕಟ್ಟಳೆ ಬೆಳಗಾವಿಯ ಖಡೇಬಜಾರಿನಲ್ಲಿ ನಡೆದೀತೇ ಎಂದು ಅಪ್ಪ ಚರ್ಚೆ ತೆಗೆದರೆ, ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ಕಂಬಾ ನಿಲ್ಲಿಸಿದ ಮರುದಿನಾನ ನಡುವ ಗ್ವಾಡಿ ಎತ್ತಿ ಅಂಗಡಿ ಮಾಡಿ ಬಾಡಿಗಿ ಕೊಡ್ತಾರ್ರೀ." ಇಲ್ಲಿಯೂ ಕಾಫಿ ಅಂಗಡಿಯವರು ಪೋರ್ಟಿಕೊದೊಳಗೆ ಮೇಜು ಹಾಕುತ್ತಾರೆ, ಆದರೆ ನಗರಸಭೆಗೆ ದುಡ್ಡು ಕಟ್ಟಿ, ನಡೆಯುವವರಿಗೆ ದಾರಿ ಬಿಟ್ಟು ಹಾಕಬೇಕು ಎಂದು ನಾನು ಹೇಳಿದೆ. ಎಷ್ಟು ಬಿಡಬೇಕು, ಅಳೆಯುವವರು ಯಾರು ಎಂದು ಅಪ್ಪ ಕೇಳತೊಡಗಿದರು. ಬಂಡಿ ಬಂದು ನಿಂತರೂ ಅವರ ಪ್ರಶ್ನೆ ಮುಗಿದಿರಲಿಲ್ಲ.