ಕೂಡಗಿಗೆ ಬರುವ ಕಲ್ಲಿದ್ದಲಿನ ಚೀಟಿ

ವಿಜಯಪುರ ಜಿಲ್ಲೆಯ ಕೂಡಗಿ ಕಡೆಗೆ ಹೋಗುವಾಗ ರೈಲ್ವೆ ಗೇಟು ಮುಚ್ಚಿದರೆ ಕಲ್ಲಿದ್ದಲಿನ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುವ ಚಟ ನನಗಿದೆ. ಐವತ್ತೆಂಟೋ ಐವತ್ತೊಂಬತ್ತೋ ಆಗುವಷ್ಟರಲ್ಲಿ ಬೈಕಿನ ಸೀಟಿನ ಮೇಲೆ ತೆಳ್ಳಗೆ ಕರಿ ಧೂಳು ಕೂತಿರುತ್ತದೆ. ಅಲ್ಲಿಯ 2400 ಮೆಗಾವಾಟಿನ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನಲ್ಲಿ ನಮ್ಮ ರಾಜ್ಯದ ನೆಲದ್ದು ಒಂದು ಹಿಡಿಯೂ ಇಲ್ಲ.

2012ರಿಂದ ನಮ್ಮ ದೇಶದಲ್ಲಿ ವಿದ್ಯುತ್ ಸ್ಥಾವರಗಳಲ್ಲಿ ಉರಿಸುವಂಥ ಕಲ್ಲಿದ್ದಲಿಗೆ ಜಿ1ರಿಂದ ಜಿ17ರವರೆಗೆ ದರ್ಜೆ ಕೊಡುತ್ತಾರೆ. ಕಿಲೋ ಕಲ್ಲಿದ್ದಲು ಎಷ್ಟು ಶಾಖ ಕೊಡುತ್ತದೆ ಎಂಬುದೊಂದೇ ಅಲ್ಲಿಯ ಅಳತೆ. ಇತ್ತ ತಿಕೋಟಾ ಭಾಗದ ರೈತ ಯುರೋಪಿಗೆ ದ್ರಾಕ್ಷಿ ಕಳಿಸಬೇಕೆಂದರೆ ತೋಟದ ನೋಂದಣಿ, ಸಿಂಪಡಿಸಿದ ಔಷಧಿಯ ಲೆಕ್ಕ, ಪ್ರಯೋಗಾಲಯದ ವರದಿ ಎಲ್ಲವನ್ನೂ ಒಪ್ಪಿಸಬೇಕು. ಹಣ್ಣಿನ ಹುಟ್ಟನ್ನು ಇಷ್ಟು ಕೆದಕುವ ವ್ಯಾಪಾರಲೋಕ, ಕಲ್ಲಿದ್ದಲನ್ನು ಅಗೆದವನ ತಲೆಯ ಮೇಲಿನ ಚಾವಣಿ ಗಟ್ಟಿಯಿತ್ತೇ ಎಂದು ಕೇಳುವುದೇ ಇಲ್ಲ.

ಕಾನೂನು ಇಲ್ಲವೆಂದಲ್ಲ. 1952ರ ಗಣಿ ಕಾಯ್ದೆಯಿತ್ತು, ಧನಬಾದಿನಲ್ಲಿ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವೂ ಇತ್ತು. ಆದರೂ 1975ರ ಡಿಸೆಂಬರ್ 27ರಂದು ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. 2016ರ ಡಿಸೆಂಬರಿನಲ್ಲಿ ಝಾರ್ಖಂಡಿನ ಲಾಲ್‌ಮಟಿಯಾದ ತೆರೆದ ಗಣಿಯಲ್ಲಿ ಮಣ್ಣಿನ ಗುಡ್ಡವೇ ಜಾರಿತು. ತಪಾಸಣೆಯ ಕಡತ ಕಚೇರಿಯಲ್ಲೇ ಉಳಿಯುತ್ತದೆ, ಕಲ್ಲಿದ್ದಲು ಮಾತ್ರ ರೈಲು ಹತ್ತುತ್ತದೆ ಎಂಬುದು ನನ್ನ ತಕರಾರು.

ಯುರೋಪಿನ ವಿದ್ಯುತ್ ಕಂಪನಿಗಳು 2012ರಲ್ಲಿ ಬೆಟರ್‌ಕೋಲ್ ಎಂಬ ಸಂಸ್ಥೆ ಕಟ್ಟಿ, ತಾವು ಕಲ್ಲಿದ್ದಲು ಕೊಳ್ಳುವ ಗಣಿಗಳನ್ನು ಪರೀಕ್ಷಿಸತೊಡಗಿದವು. ನಮ್ಮಲ್ಲಿಯೂ ಅಂಥದ್ದು ಬರುವುದಾದರೆ ಪ್ರಮಾಣಪತ್ರವನ್ನು ಕಲ್ಲಿದ್ದಲಿನ ರಾಶಿಗಲ್ಲ, ಗಣಿಗೇ ಕೊಡಬೇಕು. ಏಕೆಂದರೆ ಒಣದ್ರಾಕ್ಷಿಯ ಹಾಗೆ ಕಲ್ಲಿದ್ದಲೂ ಒಮ್ಮೆ ಬೆರೆತರೆ ಯಾರದ್ದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಪ್ರತಿ ಟನ್ನಿಗೆ ಎಷ್ಟು ಘನಮೀಟರ್ ಮೀಥೇನ್ ಎಂಬ ಹೊತ್ತಿಕೊಳ್ಳುವ ಅನಿಲ ಹೊರಬೀಳುತ್ತದೆ ಎಂಬುದರ ಮೇಲೆ ಭೂಗತ ಗಣಿಯ ಪದರಗಳಿಗೆ ಈಗಲೂ ಮೂರು ದರ್ಜೆಗಳಿವೆ. ಆ ದಾಖಲೆಯ ಜೊತೆಗೆ ಗುತ್ತಿಗೆ ಕಾರ್ಮಿಕರ ಹಾಜರಿ, ಅವರ ಎದೆಯ ಎಕ್ಸ್‌ರೇ ವರದಿ, ಅಪಘಾತಗಳ ಪಟ್ಟಿ ಕೊಳ್ಳುವವನ ಮೇಜಿಗೆ ಬರಲಿ. ಪರೀಕ್ಷಕರು ಮಾತ್ರ ಹೇಳದೆ ಬರಬೇಕು. ಸಾಹೇಬರು ಬರುವ ದಿನ ಶಾಲೆಗೆ ಸುಣ್ಣ ಬಳಿಯುವುದನ್ನು ನಾವೆಲ್ಲ ಕಂಡವರೇ.

ನಮ್ಮ ತೋಟದ ಐದು ಎಚ್‌ಪಿ ಮೋಟರು ಏಳು ತಾಸು ಓಡಿದರೆ ಸುಮಾರು 26 ಯೂನಿಟ್ ಕರೆಂಟು, ಅಂದರೆ ಹೆಚ್ಚುಕಡಿಮೆ 17 ಕಿಲೋ ಕಲ್ಲಿದ್ದಲು. ಒಣದ್ರಾಕ್ಷಿಯ ಒಂದು ಬಾಕ್ಸಿಗಿಂತ ತುಸು ಹೆಚ್ಚಿನ ತೂಕ. ಪಂಪ್‌ಸೆಟ್ಟಿಗೆ ಬಿಲ್ಲು ಕಟ್ಟುವುದಿಲ್ಲವಾದ್ದರಿಂದ ಈ ಲೆಕ್ಕವನ್ನು ನಾನು ಇಷ್ಟು ವರ್ಷ ಹಾಕಿರಲೇ ಇಲ್ಲ.